ಬಟಾಣಿ ಎಣಿಸಿರಿ, ಮನೆಯವರನ್ನಲ್ಲ

ಗದಗ, ಫೆಬ್ರವರಿ 30, 2184

ಹತ್ತನೇ ತರಗತಿಯ ಆನುವಂಶಿಕತೆಯ ಪಾಠಕ್ಕೆ ‘ಮನೆ ಸಮೀಕ್ಷೆ’ಯನ್ನು, ಅಂದರೆ ಮನೆಯವರ ಗುಣಗಳನ್ನು ನೋಡಿ ಬರೆದು ತರುವ ಮನೆಗೆಲಸವನ್ನು, ಮತ್ತೆ ಸೇರಿಸಲು ತಾಲ್ಲೂಕಿನ ಪಾಠಸಭೆ ಇಂದು ಒಪ್ಪಿದೆ. ಪರವಾಗಿ ಹನ್ನೊಂದು ಮತ, ವಿರುದ್ಧ ಎಂಟು. ಕಾರ್ಯದರ್ಶಿ ನೀಲವ್ವ ಹರ್ಲಾಪುರ ಮಧ್ಯಾಹ್ನ ಮೂರಕ್ಕೆ ಫಲಿತಾಂಶ ಓದಿದರು. ಆ ಎಂಟರಲ್ಲಿ ಒಂದು ನನ್ನದು.

ಮಾನ್ಯ ಶಿಕ್ಷಕರೇ, ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದೆ ಶಾಲೆಗೆ ರಜೆಯಾಗಿವೆ. ನನ್ನ ಕೆಲವು ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ಇಂಥ ಪತ್ರಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ಪಾಠದ ಬದಲಾವಣೆಯನ್ನು ವಿರೋಧಿಸುವವರು, ಅದೇ ಪಾಠವನ್ನು ಹಿಂದೆ ಕಲಿಸಿದ ಒಬ್ಬರಿಗೆ ಬರೆಯಬೇಕು; ಎರಡನೇ ಮತದಾನಕ್ಕೆ ಮುನ್ನ ಅದನ್ನು ಸಭೆಯಲ್ಲಿ ಓದಬೇಕು. ನಾನು ನಿಮ್ಮನ್ನು ಆರಿಸಿಕೊಂಡೆ. 2027ರಲ್ಲಿ ನೀವು ವಿಜ್ಞಾನ ಕಲಿಸಿದ ಕಸ್ತೂರಿ, ಆರು ತಲೆಮಾರಿನ ಹಿಂದಿನ ನನ್ನ ಅಜ್ಜಿ.

ನಾನು ಮಂದಾಕಿನಿ ಸೊರಟೂರ, ನಾನೂ ವಿಜ್ಞಾನ ಶಿಕ್ಷಕಿ. ಇಲ್ಲಿ ಹದಿನೈದು ತುಂಬಿದವರಿಗೆಲ್ಲ ಎಳೆಪಟ್ಟಿ ಸಿಗುತ್ತದೆ. ಅದು ಅವರವರ ಜೀನ್‌ಗಳ ವಿವರವಿರುವ ಅಂಗೈ ಅಗಲದ ಹಾಳೆ. ಅದು ಕೈಗೆ ಬರುವ ಮುನ್ನ ಓದಲು ಕಲಿಸುವುದು ನನ್ನ ಕೆಲಸ. ಶಾಲೆಯ ತಂಪುಕೋಣೆಯಲ್ಲಿ ಎತ್ತರದ ಬಟಾಣಿಗೂ ಗಿಡ್ಡ ಬಟಾಣಿಗೂ ಮಕ್ಕಳೇ ಪರಾಗ ಹಚ್ಚುತ್ತಾರೆ. ಒಂದು ಬೆಳೆಗೆ ಒಂಬತ್ತು ವಾರ. ಮೊದಲ ಬೆಳೆಯಲ್ಲಿ ಎಲ್ಲವೂ ಎತ್ತರ. ಗಿಡ್ಡತನ ಮುಗಿದೇಹೋಯಿತು ಎಂದು ಮಕ್ಕಳು ಬರೆದಿಡುತ್ತಾರೆ, ನಾನು ತಿದ್ದುವುದಿಲ್ಲ. ಅವುಗಳದೇ ಬೀಜ ಬಿತ್ತಿದಾಗ ಹೆಚ್ಚುಕಡಿಮೆ ನಾಲ್ಕಕ್ಕೊಂದು ಗಿಡ ಗಿಡ್ಡವಾಗಿ ನಿಲ್ಲುತ್ತದೆ. ಕಳೆದ ವರ್ಷ ಹುಲಿಗೆಮ್ಮ ಎಂಬ ವಿದ್ಯಾರ್ಥಿನಿ ಟ್ರೇ ಮುಂದೆ ಕುಕ್ಕರಗಾಲಲ್ಲಿ ಕುಳಿತು, “ಅದು ಎಲ್ಲೂ ಹೋಗಿರ್ಲಿಲ್ರೀ ಅಕ್ಕೋರ, ಸುಮ್ನ ಕುಂತಿತ್ತು” ಅಂದಳು. ಪ್ರಬಲ ಗುಣದ ಜೊತೆಯಲ್ಲಿ ಸುಪ್ತ ಗುಣ ಇರುವ ಬಗೆಯನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಿಲ್ಲ.

ಸಭೆಯ ಹಿರಿಯ ಸದಸ್ಯ ಮುದಕಪ್ಪ ಬಳಿಗಾರ ಅವರಿಗೆ ಇದು ಸಾಲದು. “ಬಟಾಣಿ ಎಣಿಸ್ಕೋಂತ ಎಷ್ಟ ವರ್ಷ ಕುಂಡ್ರತೀರಿ ಅಕ್ಕೋರ? ಮನ್ಯಾಗ ಅಪ್ಪ, ಅವ್ವ ಅದಾರಲ್ಲ, ಅವರ ನಾಲಿಗಿ ನೋಡಿ ಕಲೀಲಿ” ಎಂದರು. ಸಭೆ ನಕ್ಕಿತು. ಹನ್ನೊಂದು ಕೈ ಎದ್ದವು.

ಕಸ್ತೂರಿಯ ಮನೆಗೆಲಸದ ಹಾಳೆ ನನ್ನ ಬಳಿ ಇದೆ. ನಾಲಿಗೆಯನ್ನು ಕೊಳವೆಯಂತೆ ಮಡಚಬಲ್ಲವರು ಯಾರು? ಅಪ್ಪ: ಇಲ್ಲ. ಅವ್ವ: ಇಲ್ಲ. ನಾನು: ಹೌದು. ಕೆಳಗೆ ಕೆಂಪು ಶಾಯಿಯಲ್ಲಿ ನಿಮ್ಮ ಅಕ್ಷರ: “ಸಾಧ್ಯವಿಲ್ಲ. ಮತ್ತೆ ನೋಡಿ ಬಾ.” ಮಡಚುವುದು ಪ್ರಬಲ ಗುಣ, ಆಗದ ಇಬ್ಬರಿಗೆ ಆಗುವ ಮಗು ಹುಟ್ಟದು ಎಂದು ನೀವು ನಂಬಿದ್ದಿರಿ. ಅವಳು ಮೂರು ಸಂಜೆ ಮತ್ತೆ ನೋಡಿದಳು. ಮೂರನೆಯ ಸಂಜೆ ಅಪ್ಪನ ತಾಯಿ ಯಾಕೆಂದು ಕೇಳಿದಳು. ಕಸ್ತೂರಿ ಇದ್ದುದನ್ನು ಇದ್ದಂತೆ ಹೇಳಿದಳು. “ಶಾಲಿ ಪುಸ್ತಕನ ಹೇಳೈತಲ್ಲ” ಎಂದು ಮುದುಕಿ ಮಗನತ್ತ ತಿರುಗಿದಳು. ಆ ವಾರವೇ ಕಸ್ತೂರಿಯ ತಾಯಿ ಗಿರಿಜವ್ವ ಮಗಳೊಂದಿಗೆ ತವರಿಗೆ ಹೋಗಬೇಕಾಯಿತು. ಕಸ್ತೂರಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲಿಲ್ಲ.

ನಾಲ್ಕು ವರ್ಷದ ನಂತರ ಆದ ಡಿಎನ್‌ಎ ಪರೀಕ್ಷೆ ಅವಳು ಆ ಅಪ್ಪನದೇ ಮಗಳೆಂದು ತೋರಿಸಿತು. ಅವನು ವರದಿ ಹಿಡಿದು ಬಂದ. ಗಿರಿಜವ್ವ ಹೊಸ್ತಿಲು ದಾಟಲಿಲ್ಲ. “ಒಂದ ಕಾಗದಾ ನಂಬಿ ಕಳಿಸಿದಿ, ಇನ್ನೊಂದ ಕಾಗದಾ ನಂಬಿ ಕರಿಯಾಕ ಬಂದಿ” ಎಂದು ಬಾಗಿಲು ಹಾಕಿದಳು. ಇದಿಷ್ಟನ್ನೂ ಕಸ್ತೂರಿ ಅದೇ ಹಾಳೆಯ ಹಿಂಬದಿಗೆ ಬರೆದಿದ್ದಾಳೆ.

ನಾಲಿಗೆ ಮಡಚುವುದು ಒಂದೇ ಜೀನ್‌ನ ಕೆಲಸವಲ್ಲ. ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗದಿರಬಹುದು. ಇದು ನಿಮ್ಮ ಕಾಲದಲ್ಲೇ ಗೊತ್ತಿದ್ದ ಸಂಗತಿ. ಈ ಪತ್ರ ನಿಮ್ಮ ಕೈಸೇರುತ್ತದೋ ಇಲ್ಲವೋ ತಿಳಿಯದು. ಸೇರಿದರೆ, ಆ ಮನೆಗೆಲಸ ಕೊಡಬೇಡಿ, ಬಟಾಣಿ ಬಿತ್ತಿಸಿ. ಸೇರದಿದ್ದರೆ ನನಗೆ ಈ ಸಭೆ ಇದೆ. ಇಬ್ಬರ ಮನಸ್ಸು ಬದಲಾದರೆ ಸಾಕು.

ಎರಡನೇ ಮತದಾನ ಮಾರ್ಚ್ 12ರಂದು ಬೆಳಿಗ್ಗೆ ಹತ್ತು ಗಂಟೆಗೆ. ಮೊದಲು ಕಸ್ತೂರಿಯ ಹಾಳೆಯ ಎರಡೂ ಬದಿಯನ್ನು, ನಂತರ ಈ ಪತ್ರವನ್ನು ಓದಲಾಗುವುದು.