ಕುಂಕುಮ ಹಚ್ಚಿದ ತಟ್ಟೆ

ಹರಿಹರ
ಮೂರನೆಯ ಹೊಳೆಹೊರಳಿನ ನಲವತ್ತೊಂದನೆಯ ವರ್ಷ
ಮಹಾಲಯ ಅಮಾವಾಸ್ಯೆ, ಮಧ್ಯಾಹ್ನ

ಎಂಟು ತಲೆಮಾರಿನ ಹಿಂದಿನ ಅಜ್ಜಿ ಕೊಟ್ರಮ್ಮನವರಿಗೆ, ನಿಮ್ಮ ವಂಶದ ಹೊಂಬಾಳೆ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ನಂತರ ತುಂಗಭದ್ರೆ ಮೂರು ಸಲ ದಾರಿ ಬದಲಿಸಿದಳು. ಪ್ರತಿ ಸಲವೂ ನಾವು ವರ್ಷಗಳನ್ನು ಮತ್ತೆ ಒಂದರಿಂದ ಎಣಿಸಲು ಶುರುಮಾಡಿದೆವು. ನಿಮ್ಮ ಲೆಕ್ಕದಲ್ಲಿ ಇದು 2263ನೇ ಇಸವಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಸಾಡಿದ ಕಂಪ್ಯೂಟರುಗಳೊಳಗಿನ ಬರಹಗಳಿಂದ. ಹಿರಿಯರಿಗೆ ಎಡೆ ಇಡುವಾಗ ಪಕ್ಕದಲ್ಲಿ ಒಂದು ಪತ್ರವನ್ನೂ ಇಡುವುದು ನಮ್ಮ ಕಾಲದ ರೂಢಿ. ಅನ್ನ ತಲುಪುವುದಾದರೆ ಕಾಗದವೂ ತಲುಪೀತು, ಅವರು ಬದುಕಿದ್ದ ಕಾಲಕ್ಕೇ ತಲುಪೀತು ಎಂಬ ನಂಬಿಕೆ. ಇಷ್ಟು ವರ್ಷ ನಾನು ಕಾಟಾಚಾರಕ್ಕೆ ಎರಡು ಸಾಲು ಗೀಚಿ ಇಡುತ್ತಿದ್ದೆ. ಈ ಸಲ ಹಾಗಲ್ಲ ಅಜ್ಜಿ, ನನಗೆ ತುಂಬಾ ಹೆದರಿಕೆಯಾಗಿದೆ.

ನಾನು ಓದುಮನೆಯಲ್ಲಿ ಕೆಲಸ ಮಾಡುತ್ತೇನೆ. ನೀವು ಹಾರ್ಡ್ ಡಿಸ್ಕ್ ಅನ್ನುತ್ತಿದ್ದದ್ದನ್ನು ನಾವು ತಟ್ಟೆ ಅನ್ನುತ್ತೇವೆ. ಹಳೆಯ ಗುಜರಿ ಅಂಗಡಿಗಳಿದ್ದ ಜಾಗಗಳನ್ನು ಅಗೆದು ತಟ್ಟೆಗಳನ್ನು ಬುಟ್ಟಿಗಟ್ಟಲೆ ತರುತ್ತಾರೆ. ಬೆಳಿಗ್ಗೆ ನಾವು ಅವುಗಳ ಮಣ್ಣು ತೊಳೆದು, ತುಕ್ಕು ಬಿಡಿಸಿ, ಓದುಯಂತ್ರದ ಬಾಯಿಗೆ ಇಡುತ್ತೇವೆ. ತಟ್ಟೆ ಎಷ್ಟೇ ಕೆಟ್ಟಿರಲಿ, ಒಡೆಯದೇ ಇದ್ದರೆ ಯಂತ್ರ ಅದನ್ನು ಓದುತ್ತದೆ. ಬೇರೆ ದೇಶಗಳಿಂದ ಬರುವ ಎಷ್ಟೋ ತಟ್ಟೆಗಳಲ್ಲಿ ತೂತುಗಳಿರುತ್ತವೆ, ಅಲ್ಲಿಯವರು ಕೊರೆದು ಬಿಸಾಡಿದ್ದಾರೆ. ನಮ್ಮ ಸೀಮೆಯವು ಮಾತ್ರ ಇಡಿಯಾಗಿ ಸಿಗುತ್ತವೆ. ಅವುಗಳ ಪೆಟ್ಟಿಗೆಯ ಮೇಲೆ ಅರಿಶಿನ ಕುಂಕುಮದ ಕಲೆ, ಮೂರು ಬೆರಳಿನ ವಿಭೂತಿಯ ಗೆರೆ. ವರ್ಷವರ್ಷವೂ ಆಯುಧಪೂಜೆಯಲ್ಲಿ ಪೂಜಿಸಿದ ವಸ್ತುವಿಗೆ ಸುತ್ತಿಗೆ ಹಾಕುವುದಕ್ಕೆ ನಿಮ್ಮ ಕಾಲದವರಿಗೆ ಮನಸ್ಸು ಬರಲಿಲ್ಲ. ಕೈಮುಗಿದು, ಹಾಗೇ ಗುಜರಿಯವನಿಗೆ ಕೊಟ್ಟುಬಿಟ್ಟಿರಿ. ಅಗೆಯುವವರಿಗೆ ಕುಂಕುಮತಟ್ಟೆ ಸಿಕ್ಕರೆ ಹಬ್ಬ.

ಇದರಿಂದೇನು ಅಂತ ಕೇಳುತ್ತೀರಿ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಬೇರುಪಟ್ಟಿ ಇರುತ್ತದೆ. ಯಾರ ವಂಶದಲ್ಲಿ ಎಂದೆಂದು ಯಾವ ಕಾಯಿಲೆ ಇತ್ತು ಎಂಬುದನ್ನು ಹಳೆಯ ತಟ್ಟೆಗಳಿಂದ ಹೆಕ್ಕಿ ಅದರಲ್ಲಿ ಬರೆಯುತ್ತಾರೆ. ಪಟ್ಟಿ ಕೆಟ್ಟವರನ್ನು ಹೊಳೆಯ ಆಚೆದಂಡೆಗೆ ಕಳಿಸುತ್ತಾರೆ. ಅಲ್ಲಿಗೆ ಹೋದವರು ಯಾರೂ ಮರಳಿಲ್ಲ. ಹೋದ ವರ್ಷ ನಮ್ಮ ಪಕ್ಕದ ಮನೆಯ ಗಂಗೋಜಿ ಮಾಮನನ್ನು ಕರೆದುಕೊಂಡು ಹೋದರು. ಆರು ತಲೆಮಾರಿನ ಹಿಂದೆ ಅವರ ವಂಶದ ಯಾರಿಗೋ ಏನೋ ಇತ್ತಂತೆ. ಬಾಗಿಲು ದಾಟುವಾಗ ಮಾಮ, "ಗಿಡಕ್ಕೆ ಒಂದೀಟು ನೀರು ಹಾಕ್ತಿರವ್ವ, ನಾಕು ದಿನದಾಗ ಬರ್ತೀನಿ" ಅಂದರು. ಆ ತುಳಸಿಗಿಡಕ್ಕೆ ನಾನು ಇವತ್ತಿಗೂ ನೀರು ಹಾಕುತ್ತಿದ್ದೇನೆ. ಅವರ ವಿಷಯ ಬರೆದಿದ್ದ ತಟ್ಟೆಯನ್ನು ತೊಳೆದುಕೊಟ್ಟವಳು ನಾನೇ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ನಿನ್ನೆ ಬೆಳಿಗ್ಗೆ ನನ್ನ ಮೇಜಿಗೆ ನಿಮ್ಮ ತಟ್ಟೆ ಬಂತು.

ಮಣ್ಣು ತೊಳೆದಾಗ ಮೊದಲು ಕುಂಕುಮ ಕಾಣಿಸಿತು, ಆಮೇಲೆ ಅಂಟಿಸಿದ ಚೀಟಿ. "ಕೊಟ್ರಮ್ಮ, ಬ್ಲಡ್ ಟೆಸ್ಟ್ ಲ್ಯಾಬ್. ಹಳೇದು. ಆಯುಧಪೂಜೆಗೆ ಮುಂಚೆ ಗುಜರಿಗೆ." ನಮ್ಮ ಮನೆಯಲ್ಲಿ ನಿಮ್ಮ ಕೈಬರಹದ ಒಂದು ಕಾಗದ ಉಳಿದಿದೆ, ಮೆಂತ್ಯದ ಹಿಟ್ಟು ಮಾಡುವ ಕ್ರಮ. ಅದರಲ್ಲಿರುವ ಅದೇ ಉದ್ದ ಬಾಲದ ಅಕ್ಷರ. ಖುಷಿಯಿಂದ ಕಣ್ಣು ತುಂಬಿತು ಅಜ್ಜಿ, ಸುಳ್ಳು ಹೇಳುವುದಿಲ್ಲ. ನಂತರ ಯಂತ್ರ ಓದತೊಡಗಿತು.

ಹೊಸ ಸಾಫ್ಟ್‌ವೇರ್ ಹಾಕಿಸಿದ ದಿನ ಅದು ಸರಿಯಾಗಿ ನಡೆಯುತ್ತದೋ ಇಲ್ಲವೋ ಅಂತ ನೋಡಲು ನೀವು ಒಂದು ಸುಳ್ಳು ರಿಪೋರ್ಟ್ ಮಾಡಿದಿರಿ. ರೋಗಿಯ ಹೆಸರಿನ ಜಾಗದಲ್ಲಿ ನಿಮ್ಮದೇ ಹೆಸರು, ನಿಮ್ಮದೇ ವಯಸ್ಸು. ಪಟ್ಟಿಯಲ್ಲಿದ್ದ ಅಷ್ಟೂ ಕಾಯಿಲೆಗಳ ಮುಂದೆ ಒಂದೂ ಬಿಡದೆ "ಇದೆ" ಅಂತ ಒತ್ತಿದಿರಿ. ಅದು ನಿಜವಾಗಿದ್ದರೆ ನೀವು ಮರುದಿನ ಕೆಲಸಕ್ಕೆ ಬರುವುದಿರಲಿ, ಹಾಸಿಗೆಯಿಂದಲೇ ಏಳುತ್ತಿರಲಿಲ್ಲ. ಅದರ ಕೆಳಗೆ ನೂರೈವತ್ತು ವರ್ಷದ "ಮಾದರಿ ರೋಗಿ ಎರಡು" ಕೂಡ ಇದ್ದಾನೆ. ಓದಿದ ಮನುಷ್ಯರಿಗೆ ನಗು ಬರುತ್ತದೆ. ಆದರೆ ಬೇರುಪಟ್ಟಿ ಬರೆಯುವುದು ಮನುಷ್ಯರಲ್ಲ, ಯಂತ್ರ. ಒಮ್ಮೆ ಬರೆದದ್ದನ್ನು ತಿದ್ದಿಸುವ ಕಚೇರಿ ನಮ್ಮಲ್ಲಿ ಇಲ್ಲ.

ನೀವು ಅದನ್ನು ಅಳಿಸಿದ್ದಿರಿ, ಅದೂ ನನಗೆ ಗೊತ್ತು. ಅಳಿಸಿದ ಗುರುತೂ ತಟ್ಟೆಯಲ್ಲಿದೆ. ಆದರೆ ಅಳಿಸು ಅಂದಾಗ ಕಂಪ್ಯೂಟರ್ ಪುಸ್ತಕದ ಪರಿವಿಡಿಯಿಂದ ಒಂದು ಸಾಲನ್ನಷ್ಟೇ ಹೊಡೆದುಹಾಕುತ್ತದೆ, ಒಳಗಿನ ಪುಟ ಹಾಗೇ ಇರುತ್ತದೆ. ಫಾರ್ಮ್ಯಾಟ್ ಮಾಡಿದರೂ ಬಹಳ ಸಲ ಇದೇ ಕಥೆ. ನೀವು ಸಮಾಧಾನದಿಂದ ಮನೆಗೆ ಹೋದಿರಿ. ಆ ಪುಟ ಇನ್ನೂರೈವತ್ತು ವರ್ಷ ಮಣ್ಣಿನಲ್ಲಿ ಕಾದಿತ್ತು.

ಯಂತ್ರ ಅರ್ಧ ಓದಿ ನಿಂತಿದೆ, ಇವತ್ತು ಹಬ್ಬದ ರಜೆ. ತಟ್ಟೆಯನ್ನು ಪೂರ್ತಿ ಓದುವವರೆಗೆ ಅದು ಪಟ್ಟಿಗೆ ಏನನ್ನೂ ಬರೆಯುವುದಿಲ್ಲ. ನಾಳೆ ಬೆಳಿಗ್ಗೆ ಉಳಿದರ್ಧ ಓದಿ, ನಿಮ್ಮ ಹೆಸರಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಕೊನೆಯಲ್ಲಿ ನಾನಿದ್ದೇನೆ, ನನ್ನ ಕೆಳಗೆ ನನ್ನ ಮಗಳು ನೇಸರ. ಅವಳಿಗೆ ಹದಿನಾರು. ಇವತ್ತು ಎಡೆಗೆ ಬಾಳೆ ಎಲೆ ಒರೆಸುತ್ತಾ, "ಅವ್ವಾ, ನನ್ ಬೇರು ಚಲೋ ಐತಲ್ಲ?" ಅಂದಳು. ಐತವ್ವ ಅಂದೆ. ಹಬ್ಬದ ದಿನವೂ ಕೆಲಸವಿದೆ ಅಂತ ಸುಳ್ಳು ಹೇಳಿ ಇಲ್ಲಿಗೆ ಬಂದು ಕೂತಿದ್ದೇನೆ.

ತಟ್ಟೆಯಲ್ಲಿರುವ ನಿಮ್ಮ ಬರಹಗಳ ಕೊನೆಯ ತಾರೀಖು ಹಿರಿಯರ ಹಬ್ಬದ ಹಿಂದಿನ ದಿನದ್ದು. ಈ ಪತ್ರ ನಿಮ್ಮ ಆ ಹಬ್ಬದ ದಿನವೇ ನಿಮಗೆ ಸಿಕ್ಕಿದರೆ ಆಯುಧಪೂಜೆಗೆ ಇನ್ನೂ ಒಂಬತ್ತು ದಿನ ಇದೆ, ತಟ್ಟೆ ಇನ್ನೂ ನಿಮ್ಮ ಲ್ಯಾಬಿನಲ್ಲೇ ಇದೆ. ಗುಜರಿಗೆ ಕೊಡಬೇಡಿ. ತಿಳಿದವರನ್ನು ಕರೆದು ಅದರ ತುಂಬಾ ಹೊಸದಾಗಿ ಏನಾದರೂ ಬರೆಸಿ, ಹಳೆಯದು ಅಡಿಯಲ್ಲಿ ಮುಚ್ಚಿಹೋಗಲಿ. ಅಷ್ಟಕ್ಕೇ ನಂಬಬೇಡಿ. ಬಡಗಿಯ ಹತ್ತಿರ ಒಯ್ದು ಡ್ರಿಲ್ಲಿನಿಂದ ನಾಲ್ಕಾರು ಕಡೆ ತೂತು ಹೊಡೆಸಿ, ಒಳಗಿನ ಹೊಳೆಯುವ ಬಿಲ್ಲೆಗಳೆಲ್ಲ ತೂತಾಗಬೇಕು. ಬೆಂಕಿಗೆ ಹಾಕಬೇಡಿ, ಆ ಹೊಗೆ ನಿಮಗೇ ವಿಷ. ಇದನ್ನೆಲ್ಲ ನೀವು ಒಂದು ಪೆನ್ ಡ್ರೈವಿಗೂ ನಕಲು ಮಾಡಿಕೊಂಡ ಗುರುತು ತಟ್ಟೆಯಲ್ಲಿದೆ, ಅದನ್ನೂ ಮರೆಯಬೇಡಿ. ಅದಕ್ಕೆ ಅಯಸ್ಕಾಂತ ಹಿಡಿದರೆ ಏನೂ ಆಗದು, ಒಳಗಿನ ಕಪ್ಪು ಚಿಪ್ಪನ್ನೇ ಪುಡಿ ಮಾಡಬೇಕು. ಅದರಲ್ಲಿ ನಿಮ್ಮ ಊರಿನ ಸಾವಿರಾರು ಜನರ ರಕ್ತದ ಗುಟ್ಟಿದೆ, ಅವರ ಮೊಮ್ಮಕ್ಕಳೆಲ್ಲ ನನ್ನ ಬೀದಿಯಲ್ಲಿದ್ದಾರೆ. ದೇವರು ಸಿಟ್ಟಾಗುತ್ತಾನೆ ಅಂತ ಅನ್ನಿಸಿದರೆ ಒಡೆಯುವ ಮೊದಲು ಒಂದು ಕಾಯಿ ಒಡೆದುಬಿಡಿ.

ಇಲ್ಲಿ ತಟ್ಟೆ ಒಡೆಯುವುದು ಅಪರಾಧ, ಅದಕ್ಕೂ ಶಿಕ್ಷೆ ಆಚೆದಂಡೆಯೇ. ಆದರೆ ಒಡೆದವರಿಗೆ ಮಾತ್ರ, ಮಕ್ಕಳಿಗಲ್ಲ. ಇದನ್ನು ಕಾಯ್ದೆಯ ಪುಸ್ತಕದಲ್ಲಿ ಮೂರು ಸಲ ಓದಿ ಖಚಿತ ಮಾಡಿಕೊಂಡಿದ್ದೇನೆ. ಮನೆಯಿಂದ ಬರುವಾಗ ಚೀಲದಲ್ಲಿ ಕಾಯಿ ಒಡೆಯುವ ಕಲ್ಲು ಹಾಕಿಕೊಂಡು ಬಂದಿದ್ದೇನೆ. ನಿಮಗಾಗಿ ತಂದ ಎಡೆಯನ್ನು ಈ ಮೇಜಿನ ಮೇಲೇ ಬಡಿಸಿದ್ದೇನೆ. ಕಾಗದವನ್ನು ಮಡಚಿ ಎಲೆಯ ಪಕ್ಕ ಇಟ್ಟು, ಕಣ್ಣು ಮುಚ್ಚಿ ನೂರರವರೆಗೆ ಎಣಿಸುತ್ತೇನೆ. ಕಣ್ಣು ಬಿಟ್ಟಾಗ ನಿಮ್ಮ ತಟ್ಟೆಯಲ್ಲಿ ತೂತುಗಳು ಕಾಣಿಸಿದರೆ ಮನೆಗೆ ಹೋಗಿ ನೇಸರಳ ಜೊತೆ ಊಟ ಮಾಡುತ್ತೇನೆ.

ಎಣಿಸಿದೆ ಅಜ್ಜಿ. ಎರಡು ಸಲ ಎಣಿಸಿದೆ. ಕುಂಕುಮ ಹಾಗೇ ಇದೆ, ತಟ್ಟೆ ಇಡಿಯಾಗಿದೆ. ನಿಮ್ಮ ಮೇಲೆ ಬೇಸರವಿಲ್ಲ. ಚೀಲದಿಂದ ಕಲ್ಲು ಹೊರಗೆ ತೆಗೆದಿದ್ದೇನೆ. ಬರುವ ವರ್ಷದಿಂದ ನೇಸರ ಎಡೆ ಇಡುತ್ತಾಳೆ, ನನಗೂ ಸೇರಿಸಿ.