ಕಿಟಕಿಗೆ ಬೆನ್ನು ಮಾಡಿ ನಿಂತ ಭಾವ

ತಾ. ೧೨, ಭಾನುವಾರ
ಲೈಟಿನ ಅಂಗಡಿಯಿಂದ

ಪ್ರೀತಿಯ ಕಡ್ಡಿಗೆ,

ನಿನ್ನ ಸೋದರಮಾವನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ನಿನ್ನ ಅತ್ತೆ ಚೆನ್ನಾಗಿದ್ದಾಳೆ, ಅವಳ ಮಂಡಿನೋವು ನಮ್ಮಿಬ್ಬರಿಗಿಂತ ಚೆನ್ನಾಗಿದೆ. ಉತ್ತರ ತಡವಾಯಿತು ಎಂದು ನೀನು ಮುಖ ಊದಿಸಿಕೊಂಡಿರುತ್ತೀಯ. ಏನು ಮಾಡಲಿ? ಒಂದು ಕಾಲೇಜಿನ ವಾರ್ಷಿಕೋತ್ಸವ, ಆಮೇಲೆ ಎರಡು ನಾಟಕ, ನಡುವೆ ಒಬ್ಬ ಮಂತ್ರಿಯ ಭಾಷಣ. ಇಷ್ಟಕ್ಕೂ ಬೆಳಕು ಕೊಡಲು ಈ ಊರಿನಲ್ಲಿ ಇರುವವನು ನಾನೊಬ್ಬನೇ. ಇನ್ನೊಬ್ಬನಿದ್ದಾನೆ, ಆದರೆ ಅವನು ಬೆಳಕು ಕೊಡುವುದಿಲ್ಲ, ಬಲ್ಬು ಹಾಕುತ್ತಾನೆ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ನನ್ನ ಮಾತಿನ ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ.

ನೀನು ಕೇಳಿದ ಪ್ರಶ್ನೆ ನನಗೆ ಅರ್ಥವಾಗಿದೆ. ನಿನ್ನ ಸಿನಿಮಾದಲ್ಲಿ ನಿನ್ನ ಅಪ್ಪನ ಪಾತ್ರದವನು ಕಿಟಕಿಗೆ ಬೆನ್ನು ಮಾಡಿ ನಿಂತು ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳುತ್ತಾನೆ. ಬೆಳಕೆಲ್ಲ ಹಿಂದಿನಿಂದ ಬರುವುದರಿಂದ ಅವನ ಮುಖ ಕಪ್ಪು. ಚಿತ್ರದುದ್ದಕ್ಕೂ ಅವನು ಬಂದಾಗಲೆಲ್ಲ ಹಾಗೆಯೇ. ಇದರಿಂದ ಅಮ್ಮನಿಗೆ ನೋವಾಗಿದ್ದರೆ, ಬಣ್ಣ ತಿದ್ದುವವರಿಗೆ ಹೇಳಿ ಆ ಮುಖಕ್ಕೆ ಸ್ವಲ್ಪ ಬೆಳಕು ತರಿಸಬಹುದು. ಆದರೆ ಮುಂದಿನ ಶುಕ್ರವಾರದ ಮೇಲೆ ಅವರು ಮುಟ್ಟುವುದಿಲ್ಲ. ತರಿಸಲೋ ಬೇಡವೋ, ಅಮ್ಮ ಫೋನು ಎತ್ತುತ್ತಿಲ್ಲ, ನೀವೇ ಹೇಳಿ ಮಾವ ಎಂದು ಬರೆದಿದ್ದೀಯ. ಮುಖ ಯಾಕೆ ಕಪ್ಪು ಮಾಡಿದೆ ಎಂಬುದನ್ನೂ ಬರೆದಿದ್ದೀಯ: ಅಪ್ಪ ಹೋದಾಗ ನಿನಗೆ ನಾಲ್ಕು ವರ್ಷ, ಅವರ ಮುಖ ನಿನಗೆ ನೆನಪಿಲ್ಲ. ಅದನ್ನು ನಾನು ಯಾರಿಗೂ ಹೇಳಿಲ್ಲ. ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನಿನ್ನ ಅತ್ತೆ ಹೇಳುತ್ತಾಳಲ್ಲ, ಇದು ನಿಂತಿದೆ.

ಮೊದಲು ನಿನ್ನ ಚಿತ್ರ ಹಾಕಿದ ಆ ಸಂಜೆ ಇಲ್ಲಿ ಏನಾಯಿತು ಎಂದು ಹೇಳುತ್ತೇನೆ. ನಿನಗೆ ಮುಟ್ಟಿರುವುದು ಅರ್ಧಂಬರ್ಧ ಸುದ್ದಿ.

ನೀನು ಕಳಿಸಿದ್ದನ್ನು ಪುಟ್ಟ ಫೋನಿನಲ್ಲಿ ನೋಡುವುದು ನಿನಗೆ ಮಾಡುವ ಅವಮಾನ ಎಂದು, ಅಂಗಡಿಯ ಹಿಂದಿನ ಗೋದಾಮಿನಲ್ಲಿ ದೀಪದ ಕಂಬಗಳನ್ನೆಲ್ಲ ಒಂದು ಮೂಲೆಗೆ ಸರಿಸಿ, ಬಿಳಿ ಬಟ್ಟೆ ಬಿಗಿದು, ನನ್ನದೇ ಪ್ರೊಜೆಕ್ಟರ್ ಇಟ್ಟೆ. ಪಕ್ಕದ ಅಂಗಡಿಯ ದರ್ಜಿ ಬಟ್ಟೆಯ ಅಂಚು ಹೊಲಿದುಕೊಟ್ಟ. ಆ ಹಕ್ಕಿನ ಮೇಲೆ ಮುಂದಿನ ಸಾಲಿನಲ್ಲೇ ಕೂತ. ನಿಮ್ಮಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬ್ಯಾಂಕಿನಲ್ಲಿ ಹೆಸರು ಕರೆಯುವುದನ್ನು ಕಾಯುವವಳ ಹಾಗೆ ಕೂತಿದ್ದಳು.

ನಾನು ಸುಮ್ಮನೆ ಕೂರುವ ಜಾತಿಯಲ್ಲ. ಎಲ್ಲರಿಗೂ ವಿವರಿಸುತ್ತಾ ಹೋದೆ. ಅಡುಗೆಮನೆ ಹಳದಿಯಾಗಿದೆ ನೋಡಿ, ಅಂದರೆ ಯಜಮಾನರು ಇನ್ನೂ ಇದ್ದಾರೆ, ಮನೆ ಬೆಚ್ಚಗಿದೆ. ಈಗ ನೋಡಿ, ಅದೇ ಅಡುಗೆಮನೆ, ಅದೇ ಪಾತ್ರೆ, ನೀಲಿ ಹೊಡೆಯುತ್ತಿದೆ. ಅಂದರೆ ಅವರು ಹೋದರು, ಇನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಿನ್ನ ಅತ್ತೆ ತಿರುಗಿ, "ನಮ್ಮ ಅಡುಗೆಮನೆಯಲ್ಲೂ ಅದೇ ಟ್ಯೂಬ್‌ಲೈಟು. ನೀವಿದ್ದೂ ನೀಲಿಯಾಗೇ ಇದೆಯಲ್ಲ" ಅಂದಳು. ನಾನು ಚಿತ್ರದ ಧ್ವನಿ ಏರಿಸಿದೆ. ಆಮೇಲೆ ನೀನು ಚಿತ್ರದಿಂದ ಬಣ್ಣವನ್ನೇ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಾ ಹೋಗಿದ್ದೀಯ, ಒಗೆದೂ ಒಗೆದೂ ಅಂಗಿ ಮಾಸುವ ಹಾಗೆ. ಒಳ್ಳೆಯ ಕೈಚಳಕ. ಆದರೆ ದರ್ಜಿ, ಪ್ರೊಜೆಕ್ಟರಿನ ಬಲ್ಬು ಹೋಗುತ್ತಿದೆ ಎಂದು ಎದ್ದು ಬಂದು ಅದರ ತಲೆಯ ಮೇಲೆ ಎರಡು ಬಾರಿಸಿದ.

ಅನಾಹುತ ಆದದ್ದು ಕಿಟಕಿಯ ದೃಶ್ಯದಲ್ಲಿ. ದರ್ಜಿ ತನ್ನ ಪಕ್ಕದವನಿಗೆ ಹೇಳಿದ, "ಮುಖ ಕಪ್ಪಗೆ ತೋರಿಸಿದ್ರೆ ಮನುಷ್ಯ ಸರಿ ಇಲ್ಲ ಅಂತ ಲೆಕ್ಕ. ಮಗಳು ಅಪ್ಪನ ವಿಷಯ ಎಲ್ಲಾ ಹೊರಗೆ ಹಾಕ್ತಾಳೆ ನೋಡು." ಹೇಳಿ, ಹೌದೋ ಅಲ್ಲವೋ ಎಂದು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಇಷ್ಟು ಹೊತ್ತು ಎಲ್ಲವನ್ನೂ ವಿವರಿಸಿದವನು ಆ ಹೊತ್ತಿನಲ್ಲಿ ಗೊತ್ತಿಲ್ಲ ಎನ್ನುವುದು ಹೇಗೆ? ನಾಟಕ ಕಂಪನಿಯಲ್ಲಿ ನಮಗಿದ್ದ ಲೆಕ್ಕವೂ ಅದೇ. ಕೆಟ್ಟವನ ಮೇಲೆ ಎದುರಿನಿಂದ ದೀಪ ಬಿಡುತ್ತಿರಲಿಲ್ಲ.

ನಿಮ್ಮಮ್ಮ ತಿರುಗಿ ನೋಡಲಿಲ್ಲ. ಕೊನೆಯವರೆಗೂ ಕೂತಿದ್ದಳು. ದೀಪ ಹಾಕಿದ ಮೇಲೂ ಆ ಖಾಲಿ ಬಟ್ಟೆಯನ್ನೇ ನೋಡುತ್ತಿದ್ದು, "ಮುಗೀತಾ?" ಎಂದು ಕೇಳಿದಳು. ಮುಗಿಯಿತು ಅಕ್ಕ ಅಂದೆ. ಚೀಲ ತೆಗೆದುಕೊಂಡು ಹೋದಳು. ಅಂದಿನಿಂದ ನಿನ್ನ ಫೋನು ಎತ್ತುತ್ತಿಲ್ಲ. ನನ್ನದನ್ನು ಎತ್ತುತ್ತಿದ್ದಳು, ಆದರೆ ಆಮೇಲೆ ಮಾಡು ಎಂದು ಇಡುತ್ತಿದ್ದಳು. ನಿನ್ನ ಅತ್ತೆ ದರ್ಜಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದಳು. ನನಗೆ ಊಟ ನಿಲ್ಲಿಸಲಿಲ್ಲ, ಉಪ್ಪು ನಿಲ್ಲಿಸಿದಳು.

ಇದನ್ನು ಸರಿಮಾಡಲು ನನ್ನನ್ನು ಬಿಟ್ಟರೆ ಯಾರಿದ್ದಾರೆ ಹೇಳು. ನೀನು ದೊಡ್ಡ ಶಾಲೆಯಲ್ಲಿ ಕಲಿತಿದ್ದೀಯ, ನಾನು ಹಳ್ಳಿಯ ಶಾಲೆಯಲ್ಲಿ ಬೆಂಚಿನ ಮೇಲೆ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಆದರೆ ಬಣ್ಣದ ವಿಷಯದಲ್ಲಿ ನಿನಗೆ ಮೊದಲ ಮೇಷ್ಟರು ನಾನು, ಅದನ್ನು ನಿನ್ನ ಸಂದರ್ಶನಗಳಲ್ಲಿ ಹೇಳುವುದನ್ನು ಮರೆಯುತ್ತಿದ್ದೀಯ. ಕಂಪನಿಯಲ್ಲಿದ್ದಾಗ ನಮ್ಮ ನಾಯಕ ನಟ ನನ್ನನ್ನು "ಏಯ್ ಲೈಟು" ಎಂದು ಕರೆಯುತ್ತಿದ್ದ. ಒಂದು ದಿನ ಅವನ ಪ್ರೇಮದ ದೃಶ್ಯಕ್ಕೆ ಗುಲಾಬಿ ಕಾಗದದ ಬದಲು ದೀಪದ ಮುಂದೆ ಹಸಿರು ಕಾಗದ ಇಟ್ಟೆ. ಅದೇ ಮುಖ, ಅದೇ ಮಾತು. ಅವನು ಪ್ರೀತಿ ಹೇಳಿಕೊಳ್ಳುತ್ತಿದ್ದರೆ, ಜನ ಇವನಿಗೆ ಯಾರೋ ವಿಷ ಹಾಕಿದ್ದಾರೆ ಎಂದುಕೊಂಡು ಕೂತಿದ್ದರು. ಹಿಂದಿನ ಸಾಲಿನವನೊಬ್ಬ ನೀರು ತಂದುಕೊಡಿ ಎಂದು ಕೂಗಿಯೂ ಬಿಟ್ಟ. ಮರುದಿನದಿಂದ ನಾಯಕನಿಗೆ ನಾನು "ಲೈಟಣ್ಣ".

ಅಂಥ ಅನುಭವಸ್ಥ ನಾನು. ಮೊನ್ನೆ ಒಂದು ಮೇಜಿನ ದೀಪ ಕಂಕುಳಲ್ಲಿ ಇಟ್ಟುಕೊಂಡು ನಿಮ್ಮಮ್ಮನ ಮನೆಗೆ ಹೋದೆ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಕಿಟಕಿಯ ಪರದೆ ಎಳೆದೆ, ದೀಪವನ್ನು ನನ್ನ ಬೆನ್ನ ಹಿಂದೆ ಕಪಾಟಿನ ಮೇಲಿಟ್ಟು ಹಚ್ಚಿದೆ, ಅವಳ ಎದುರಿಗೆ ನಿಂತೆ.

"ಈಗ ಹೇಳಕ್ಕ. ನನ್ನ ಮುಖ ಕಪ್ಪಾಗಿದೆ ತಾನೆ? ನಾನೇನು ಕೆಟ್ಟವನ ಹಾಗೆ ಕಾಣ್ತೀನಾ?"

"ನೀನು ದೀಪ ಎಲ್ಲಿಟ್ಟರೂ ಹಾಗೇ ಕಾಣ್ತೀಯ" ಅಂದಳು. ನಾನು ಬಿಡಲಿಲ್ಲ. ಬೆಳಕು ಹಿಂದಿನಿಂದ ಬಂದರೆ ಕೆಟ್ಟವನು ಎಂದೇ ಅರ್ಥವಲ್ಲ, ಎಟುಕದವನು ಎಂದೂ ಆಗಬಹುದು, ಹೋಗುತ್ತಿರುವವನು ಎಂದೂ ಆಗಬಹುದು ಎಂದು ಹೇಳಿದೆ. ದೀಪ ಬಲಕ್ಕೆ ಇಟ್ಟೆ, ಎಡಕ್ಕೆ ಇಟ್ಟೆ, ಗಲ್ಲದ ಕೆಳಗೆ ಹಿಡಿದು ದೆವ್ವವಾದೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಕೊನೆಗೆ, "ಅದನ್ನ ಇನ್ನೊಂದು ಸಲ ಹಾಕ್ತೀಯಾ? ಬೇರೆ ಯಾರೂ ಬೇಡ" ಅಂದಳು.

ನಿನ್ನೆ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧಕ್ಕೆ ಇಳಿಸಿ, ಗೋದಾಮಿನ ಬಾಗಿಲು ಹಾಕಿ, ನಾವಿಬ್ಬರೇ ಕೂತೆವು. ನೇರವಾಗಿ ಕಿಟಕಿಯ ದೃಶ್ಯಕ್ಕೆ ಹೋದೆ. ಆಗ ನನಗೊಂದು ಉಪಾಯ ಹೊಳೆಯಿತು. ನಿನ್ನ ಬಣ್ಣ ತಿದ್ದುವವರು ಹಣ ತೆಗೆದುಕೊಂಡು ಮಾಡುವ ಕೆಲಸವನ್ನು ನಾನು ಇಲ್ಲೇ ಒಂದು ಗುಂಡಿ ಒತ್ತಿ ಮಾಡಬಲ್ಲೆ ಎಂದು ತೋರಿಸಬೇಕಿತ್ತು. ಚಿತ್ರ ನಿಲ್ಲಿಸಿ, ಪ್ರೊಜೆಕ್ಟರಿನ ಬೆಳಕನ್ನು ಏರಿಸುತ್ತಾ ಹೋದೆ. ಕಪ್ಪು ಮೊದಲು ಬೂದಿಯಾಯಿತು. ಕಿಟಕಿ ಬೆಂಕಿ ಬಿದ್ದಷ್ಟು ಬೆಳ್ಳಗಾಯಿತು. ನಡುವೆ, ಸೊಳ್ಳೆಪರದೆಯ ಹಿಂದಿನಿಂದ ಕಂಡ ಹಾಗೆ, ಒಂದು ಮುಖ ಬಂತು.

ನೋಡಿದೆಯಾ ಎಂದು ಹೆಮ್ಮೆಯಿಂದ ತಿರುಗಿದರೆ ಅಕ್ಕ ಕುರ್ಚಿಯ ಅಂಚಿಗೆ ಬಂದಿದ್ದಾಳೆ.

"ಇದು ಯಾರೋ?"

"ನಟ ಅಕ್ಕ. ಸೋಪಿನ ಜಾಹೀರಾತಿನಲ್ಲಿ ಬರ್ತಾನಲ್ಲ, ಅವನೇ."

"ಅವನ್ಯಾಕೆ ಅವರ ಅಂಗಿ ಹಾಕ್ಕೊಂಡು ನಿಂತಿದಾನೆ?"

ಪಾತ್ರ ಅಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ಆ ಮುಖವನ್ನು ನೋಡಿದಳು. ಗಲ್ಲದಲ್ಲಿ ಗುಳಿ ಬೀಳುವ, ಯಾರಿಗೂ ಬೇಸರ ಮಾಡದ ಮುಖ.

"ಇಳಿಸು" ಅಂದಳು.

ಇಳಿಸಿದೆ. ಆ ಹುಡುಗ ಬೂದಿಯೊಳಗೆ ಮುಳುಗಿದ. ಉಳಿದದ್ದು ಕಿವಿಯ ಅಂಚಿನ ಬೆಳಕು, ಬಾಗಿದ ಕತ್ತು, ಗುಂಡಿ ಹುಡುಕುವ ಬೆರಳು. ಚಿತ್ರ ಓಡಿಸಿದೆ. ನಾನು ಬದುಕೆಲ್ಲ ದೀಪದ ಹಿಂದೆ ನಿಂತವನು, ಇಂಥದ್ದಕ್ಕೆ ಮೋಸ ಹೋಗುವವನಲ್ಲ. ಆದರೂ ಹೇಳುತ್ತೇನೆ, ಭಾವ ಬಂದು ನಿಂತರು. ಕೆಲಸಕ್ಕೆ ಹೊತ್ತಾಯಿತು ಎಂದು ಎಡಗೈಯ ಗುಂಡಿಯೊಡನೆ ಜಗಳವಾಡುತ್ತಿದ್ದವರು, ಅವರೇ. ಅಕ್ಕ ಇನ್ನೊಂದು ಸಲ ಹಾಕು ಅಂದಳು. ಹಾಕಿದೆ. ಮತ್ತೊಂದು ಸಲ ಅಂದಳು. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ, ಪ್ರೊಜೆಕ್ಟರು ಬಿಸಿಯಾಗಿ ತಾನೇ ನಿಲ್ಲುವವರೆಗೆ.

"ಹೀಗೇ ಇರಲಿ ಅನ್ನು ಅವಳಿಗೆ. ಬೆಳಕು ಹಾಕಿದ್ರೆ ಬೇರೆ ಯಾರೋ ಆಗ್ತಾರೆ."

ಹಾಗಾಗಿ ಉತ್ತರ ಇದು: ಮುಟ್ಟಬೇಡ. ಬಣ್ಣ ತಿದ್ದುವವರು ತಾವಾಗಿಯೇ ಕೈ ಹಾಕಲು ಬಂದರೂ ಹಾಕಲು ಬಿಡಬೇಡ. ಬೇಕಾದರೆ ನೀಲಿ ಅಡುಗೆಮನೆಯನ್ನು ಒಂದು ಚೂರು ಇಳಿಸು, ನಿನ್ನ ಅತ್ತೆ ಅದನ್ನು ಮೀನಿನ ತೊಟ್ಟಿ ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾಳೆ. ದರ್ಜಿಗೆ ಇವತ್ತು ಬೆಳಿಗ್ಗೆ ನಾನೇ ಹೋಗಿ ಪಾಠ ಮಾಡಿ ಬಂದೆ. ಹಿಂದಿನ ಬೆಳಕಿಗೆ ಮೂರು ಅರ್ಥ ಇವೆ, ನಿನಗೆ ಗೊತ್ತಿದ್ದದ್ದು ಒಂದೇ ಅಂದೆ. ಆವತ್ತು ನೀವೂ ತಲೆ ಆಡಿಸಿದ್ರಲ್ಲಣ್ಣ ಅಂದ. ಅದು ಕುತ್ತಿಗೆ ಉಳುಕು ಅಂದೆ.

ಹೊತ್ತಿಗೆ ಸರಿಯಾಗಿ ತಿನ್ನು. ಕಡ್ಡಿ ಎಂದು ಹೆಸರಿಟ್ಟವನು ನಾನೇ, ಆದರೆ ಅದನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕೆಂದು ನಾನು ಹೇಳಿರಲಿಲ್ಲ. ನಿನ್ನ ಚಿತ್ರ ನೂರು ಊರಿನಲ್ಲಿ ಓಡಲಿ, ನಿನ್ನ ಕಣ್ಣು ತಂಪಾಗಿರಲಿ, ನಿನ್ನ ಕೈಗೆ ಎಂದೂ ಕೆಲಸ ತಪ್ಪದಿರಲಿ ಎಂದು ಹರಸುವ,

ನಿನ್ನ ಮಾವ
(ಈ ಊರಿನ ಏಕೈಕ ಬೆಳಕಿನವನು)

ಮರೆತ ಮಾತು: ಮರೆತಿರಲಿಲ್ಲ. ಬರೆಯಲೋ ಬೇಡವೋ ಎಂದು ಈ ಜಾಗವನ್ನು ಖಾಲಿ ಬಿಟ್ಟುಕೊಂಡು ಕೂತಿದ್ದೆ.

ನಿನ್ನೆ ಶಟರ್ ಎಳೆದು ಬೀಗ ಹಾಕುತ್ತಿದ್ದಾಗ ನಿಮ್ಮಮ್ಮ ಹಿಂದೆ ನಿಂತು ಹೇಳಿದಳು, "ದರ್ಜಿ ಏನಂದನೋ ನನಗೆ ಕೇಳಿಸಲೇ ಇಲ್ಲ ಕಣೋ. ಗೋಡೆ ಮೇಲಿರೋ ಫೋಟೋದಲ್ಲಿರೋದು ಅವರ ಮುಖ ಅಲ್ಲ. ಕೆಲಸದ ಗುರುತಿನ ಚೀಟೀಲಿದ್ದ ಮಾಸಿದ ಚಿತ್ರದಿಂದ ದೊಡ್ಡದು ಮಾಡಿಸಿದ್ದು. ಸ್ಟುಡಿಯೋದವನು ಕೆನ್ನೆಗೆ ಗುಲಾಬಿ ಬಳಿದ, ಕಣ್ಣು ಅವನೇ ಬಿಡಿಸಿದ. ದಿನಾ ಅದನ್ನೇ ನೋಡಿ ನೋಡಿ ನಿಜವಾದ ಮುಖ ನನಗೆ ಹೋಯ್ತು. ಇವಳು ಸಿನಿಮಾ ಮಾಡ್ತೀನಿ ಅಂದಾಗ, ಮಗು ಕಣ್ಣಲ್ಲಿ ಉಳ್ಕೊಂಡಿರುತ್ತೆ, ಒಂದು ಸಲ ನೋಡಬಹುದು ಅಂದ್ಕೊಂಡೆ. ಈಗ ಬೆಳಕಿಗೆ ಬರ್ತಾರೆ, ಈಗ ಬರ್ತಾರೆ ಅಂತ ಕೊನೇವರೆಗೂ ಕಾದೆ. ಅವಳಿಗೂ ಇಲ್ಲ."

ಅವಳಿಗೆ ನಾನು ನಿನ್ನ ಗುಟ್ಟು ಹೇಳಿರಲಿಲ್ಲ. ಅವಳೇ ಕಂಡುಕೊಂಡಿದ್ದಾಳೆ. ಆಮೇಲೆ, ನಿನಗೆ ನೆನಪಿದೆಯಾ ಎಂದು ನನ್ನನ್ನು ಕೇಳಿದಳು.

ಇಲ್ಲ ಎನ್ನುವುದು ನನಗೆ ಯಾವಾಗ ಬಂದಿದೆ? ಚೆನ್ನಾಗಿ ನೆನಪಿದೆ ಅಂದೆ. ಅಂಗಡಿಯಿಂದ ಅವಳ ಮನೆಯವರೆಗೂ ಹೇಳುತ್ತಾ ಹೋದೆ. ಎಡ ಹುಬ್ಬನ್ನು ಕತ್ತರಿಸಿದ ಹಾಗೆ ಒಂದು ಹಳೆಯ ಗಾಯ, ನಗುವಾಗ ಮೊದಲು ಸಣ್ಣದಾಗುವ ಬಲಗಣ್ಣು, ಎಷ್ಟು ಕ್ಷೌರ ಮಾಡಿದರೂ ಗಲ್ಲದ ಕೆಳಗೆ ಉಳಿದುಬಿಡುವ ಒಂದು ಕೂದಲು. ಹೌದು, ಹೌದು ಎನ್ನುತ್ತಾ ಪಕ್ಕದಲ್ಲಿ ನಡೆದಳು. ಒಂದೆರಡನ್ನು ಅವಳೇ ಸೇರಿಸಿದಳು. ನಾನೂ ಆ ಸ್ಟುಡಿಯೋದವನ ಕೆಲಸವನ್ನೇ ಮಾಡಿದೆನೋ ಏನೋ, ಗೊತ್ತಿಲ್ಲ. ಇದರಲ್ಲಿ ಯಾವುದು ನಿಜ ಎಂದು ನನ್ನನ್ನು ಕೇಳಬೇಡ.

ಈ ವಾರ ಅವಳೇ ನಿನಗೆ ಫೋನು ಮಾಡುತ್ತಾಳೆ. ಹುಬ್ಬಿನ ಗಾಯದ ಮಾತು ಬಂದರೆ ನೀನೂ ಹೌದು ಅನ್ನು.