ಸದನದಲ್ಲಿ ಸತ್ತ ಅತ್ತೆ

ಮಾರ್ಚ್ 11, ಮಂಗಳವಾರ

ಮೇಲ್ಮನೆಯಲ್ಲಿ ಪ್ರಾರ್ಥನೆ ಆಯಿತು. ಹಿಂದಿನ ಬೈಠಕ್ಕಿನ ನಡಾವಳಿ ಓದುತ್ತಿರುವಾಗಲೇ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಇಲ್ಲ, ಎಲ್ಲ ಯುದ್ಧಕ್ಕೆ. ಕಿಟಕಿ ತೆರೆದರು. ಬೇವಿನ ಮರದ ಗಾಳಿ ಬಂತು. ಫ್ಯಾನಿಗಿಂತ ಇದೇ ಹಿತ. ಮೈಕಿಲ್ಲದೆ ಸಭಾಪತಿ ಕೂಗಿದರು: "ರಜೆ ಕೋರಿಕೆ ಯಾವುದಾದರೂ?"

ಎದ್ದೆ. ಪ್ರತಿ ಬೈಠಕ್ಕಿನಲ್ಲೂ ಏಳುವ ಹಾಗೆ.

"ಮಾನ್ಯ ಸದಸ್ಯರಾದ ಚುವೊಲ್ ವಿಯುವಾಲ್ ಅವರು ಇನ್‌ಡಿಸ್ಪೋಸ್ಡ್."

ಕಾಲೇಜಿನಲ್ಲಿ ಕಲಿತ ಶಬ್ದ. ಅರ್ಥ ಅರ್ಧ ಮರೆತಿದೆ. ತೂಕ ಮಾತ್ರ ಹಾಗೇ ಇದೆ.

"ಇವತ್ತು ಏನಂತೆ?"

"ಬೆನ್ನುನೋವು, ಸಭಾಪತಿಗಳೇ."

ಹಿಂದಿನ ಸಾಲಿನಿಂದ ಸದಸ್ಯ ಮಡಿಂಗ್. "ಹೋದ ಸಲ ಹಲ್ಲುನೋವು ಅಂದ್ರಿ. ನೋವು ಕೆಳಗೆ ಇಳೀತಾ ಇದೆ ಮೇಷ್ಟ್ರೇ. ಮುಂದಿನ ಸಲ ಎಲ್ಲಿಗೆ ಇಳಿಸ್ತೀರಿ, ಮೊದಲೇ ಹೇಳಿಬಿಡಿ."

ಸದನ ನಕ್ಕಿತು. ರಜೆ ಮಂಜೂರು.

ಚುವೊಲ್‌ಗೆ ಬೆನ್ನೂ ಸರಿಯಿದೆ, ಹಲ್ಲೂ ಸರಿಯಿದೆ. ಎಲ್ಲರಿಗೂ ಗೊತ್ತು. ಡಿಸೆಂಬರಿನಲ್ಲಿ ಗುಂಡಿನ ಸದ್ದು ಶುರುವಾದಾಗ ಹೆಂಡತಿ, ಮಕ್ಕಳು, ಅತ್ತೆಯನ್ನು ಕಟ್ಟಿಕೊಂಡು ಊರಾಚೆಯ ಯುಎನ್ ಕ್ಯಾಂಪಿಗೆ ಓಡಿದ. ಅವನು ನುಯೆರ್ ಬುಡಕಟ್ಟಿನವನು. ಹುಡುಗನಿದ್ದಾಗ ಹಣೆಗೆ ಕೊಯ್ದ ಗೆರೆಗಳು ದೂರದಿಂದಲೇ ಹೇಳುತ್ತವೆ ಯಾರ ಪೈಕಿ ಎಂದು. ಆ ವಾರ ನಮ್ಮ ಈ ರಾಜಧಾನಿ ಜುಬಾದಲ್ಲಿ ಆ ಗೆರೆ ಇದ್ದವರನ್ನು... ಬೇಡ. ಇಲ್ಲಿ ಬರೆಯುವುದಿಲ್ಲ. ಮಡಿಂಗ್ ಡಿಂಕಾ. ಇವನ ಜನ, ಅವನ ಜನ ಕಾದಾಡುತ್ತಿದ್ದಾರೆ. ನಾನು ಎರಡೂ ಅಲ್ಲ. ಕುಕು ಬುಡಕಟ್ಟು, ಗಡಿಯ ಗುಡ್ಡದ ಹಳೇ ಶಾಲೆ ಮೇಷ್ಟ್ರು. ಇಬ್ಬರ ದುಡ್ಡಿನಲ್ಲೂ ಟೀ ಕುಡಿದವನು.

ರಜೆ ಪಡೆಯದೆ ಗೈರಾಗುತ್ತ ಹೋದರೆ ಸೀಟು ಖಾಲಿ ಎಂದು ಸಾರುತ್ತಾರೆ. ಸೀಟು ಹೋದರೆ ಚುವೊಲ್ ಈ ಊರಿಗೆ ಮರಳಲು ನೆಪವೇ ಉಳಿಯುವುದಿಲ್ಲ. ಅದಕ್ಕೇ ಈ ಕಾಯಿಲೆಗಳು. ಸತ್ಯ ಹೇಳಬಹುದಲ್ಲ ಎಂದರೆ... ‘ಕೊಲ್ಲುತ್ತಾರೆಂಬ ಭಯದಿಂದ ಗೈರು’ ಅಂತ ನಡಾವಳಿಯಲ್ಲಿ ಬರೆಯಲು ಯಾರ ಕೈ ಏಳುತ್ತದೆ? ಬೆನ್ನುನೋವು ಎಂದರೆ ಎಲ್ಲರಿಗೂ ಮರ್ಯಾದೆ.

ರಾತ್ರಿಗೆ ಕಿಸ್ರಾ ರೊಟ್ಟಿ, ಬೆಂಡೆಕಾಯಿ. ನಾನೇ ಮಾಡಿದ್ದು. ಲೋಳೆ ಸ್ವಲ್ಪ ಹೆಚ್ಚಾಯಿತು.

ಮಾರ್ಚ್ 20, ಗುರುವಾರ

ದನಗಳಿಗೆ ಬರೆ ಹಾಕುವ ಮಸೂದೆ, ಎರಡನೇ ವಾಚನ. ಉತ್ತರದಲ್ಲಿ ಊರುಗಳು ಉರಿಯುತ್ತಿವೆ. ನಾವಿಲ್ಲಿ ಗುರುತು ಎಡ ತೊಡೆಗೋ ಬಲ ತೊಡೆಗೋ ಎಂದು ಮಧ್ಯಾಹ್ನದವರೆಗೆ ವಾದ ಮಾಡಿದೆವು. ಹೊರಗಿನವರು ನೋಡಿದರೆ ನಗುತ್ತಾರೆ. ನಗಲಿ. ಯುದ್ಧ ಮುಗಿದ ಮೇಲೂ ದನ ಇರುತ್ತವೆ, ತೊಡೆಯೂ ಇರುತ್ತದೆ.

ಚುವೊಲ್‌ಗೆ ಇವತ್ತು ಮಲೇರಿಯಾ.

ಸಂಜೆ ಬೇವಿನ ಕೆಳಗೆ ಟೀ. ಅವನ ಕುರ್ಚಿಯನ್ನು ಟೀ ಮಾರುವ ಹೆಂಗಸು ಇನ್ನೂ ತೆಗೆದಿಲ್ಲ. ನನ್ನ ಹೆಂಡತಿ ಕಿಡೆನ್ ಬದುಕಿದ್ದಾಗ ಹೇಳುತ್ತಿದ್ದಳು, "ನೀವಿಬ್ಬರೂ ಮದುವೆ ಆಗಿಬಿಡಬೇಕಿತ್ತು. ನನಗೆ ಅಡುಗೆ ಕೆಲಸ ತಪ್ತಿತ್ತು." ಅವಳು ತೀರಿಕೊಂಡಾಗ ಅಗೆಯುವುದಕ್ಕೆ ಗುಂಡಿಗಿಳಿದವರಲ್ಲಿ ಅವನೇ ಮೊದಲು. ಅಷ್ಟುದ್ದದ ಮನುಷ್ಯ. ಹೊರಗೆ ತಲೆಯೊಂದೇ ಕಾಣುತ್ತಿತ್ತು.

ಏಪ್ರಿಲ್ 1, ಮಂಗಳವಾರ

ಬೆಳಿಗ್ಗೆ ಸಭಾಪತಿ ಕೋಣೆಗೆ ಕರೆದರು.

"ಮೇಷ್ಟ್ರೇ, ಕಾಯಿಲೆ ಸಾಕು. ಕೆಲವರು ಗೊಣಗ್ತಿದ್ದಾರೆ. ಇನ್ನು ಕಾಯಿಲೆ ಅಂದ್ರೆ ಡಾಕ್ಟರ ಚೀಟಿ ಕೇಳಬೇಕಾಗತ್ತೆ."

"ಚೀಟಿ ಇಲ್ಲದಿದ್ದರೆ?"

"ಸೀಟಿನ ವಿಷಯ ಬರತ್ತೆ." ಅವರೇ ತಲೆ ತಗ್ಗಿಸಿದರು. ಒಳ್ಳೆಯ ಮನುಷ್ಯ.

ಒಳಗೆ ಹೋದೆ. ಪ್ರಾರ್ಥನೆ, ನಡಾವಳಿ, "ರಜೆ ಕೋರಿಕೆ?" ಎದ್ದು ನಿಂತೆ. ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು.

"ಮಾನ್ಯ ಚುವೊಲ್ ವಿಯುವಾಲ್ ಅವರ ಅತ್ತೆ ತೀರಿಕೊಂಡಿದ್ದಾರೆ."

ಯಾರೂ ನಗಲಿಲ್ಲ. ಸಭಾಪತಿ ಎದ್ದರು. ಸದನ ಇಡೀ ಎದ್ದಿತು. ಮೌನಾಚರಣೆ! ಸಂತಾಪ ನಿರ್ಣಯ! ಶೋಕ ಮುಗಿಯುವವರೆಗೂ ರಜೆ ಮಂಜೂರು. ಮಡಿಂಗ್ ಬಂದು ನನ್ನ ಕೈ ಹಿಡಿದ. ಕಣ್ಣು ಒದ್ದೆ. "ಅವನಿಗೆ ತಿಳಿಸಿ ಮೇಷ್ಟ್ರೇ. ಜಗಳ ಬೇರೆ, ಸಾವು ಬೇರೆ."

ನಾಚಿಕೆ ಆಯಿತು. ಸಂತೋಷವೂ ಆಯಿತು, ಸುಳ್ಳೇಕೆ. ಸೀಟು ಗಟ್ಟಿಯಾಯಿತು. ಇಂಗ್ಲಿಷಿನಲ್ಲಿ ಒಂದು ಗಾದೆ ಇದೆ: ಎ ಸ್ಟಿಚ್ ಇನ್ ಟೈಮ್ ಸೇವ್ಸ್... ಎಷ್ಟು ಹೊಲಿಗೆಯೋ. ಬಹಳ.

ಏಪ್ರಿಲ್ 2, ಬುಧವಾರ

ದಡ್ಡ. ಮುದಿ ದಡ್ಡ. ಸದನದ ಕಲಾಪವನ್ನು ಸಂಜೆ ಏಳಕ್ಕೆ ರೇಡಿಯೋದಲ್ಲಿ ಓದುತ್ತಾರೆ. ಕ್ಯಾಂಪಿನಲ್ಲಿ ಎಲ್ಲರ ಬಳಿಯೂ ರೇಡಿಯೋ ಇದೆ.

ಬೆಳಿಗ್ಗೆ ಚುವೊಲ್ ಫೋನು.

"ಏನಯ್ಯಾ ಮಾಡಿದೆ ನೀನು?"

"ಏನಾಯ್ತು?"

"ನಮ್ಮತ್ತೆ ನಲ್ಲಿ ಸಾಲಲ್ಲಿ ನಿಂತಿದ್ರು. ಇತ್ತ ಟೆಂಟಿನ ಮುಂದೆ ಹೆಂಗಸರು ಎದೆ ಬಡ್ಕೊಂಡು ಅಳ್ತಿದ್ದಾರೆ. ಇವರು ಕೊಡ ಹೊತ್ಕೊಂಡು ಬಂದು, ಯಾರು ಹೋದ್ರು ಅಂತ ಕೇಳಿ, ತಾವೂ ಅಳೋಕೆ ಕೂತ್ರು! ತಮ್ಮದೇ ಹೆಸರು ಕಿವಿಗೆ ಬಿದ್ದ ಮೇಲೆ ಎದ್ರು."

ನಾನು ನಕ್ಕೆ. ಅವನು ನಗಲಿಲ್ಲ. ಅವರಲ್ಲಿ ಇದು ಆಟವಲ್ಲ. ಬದುಕಿರುವವರ ಸಾವನ್ನು ಬಾಯಿಬಿಟ್ಟು ಹೇಳಿ, ಜನ ಅತ್ತೂ ಬಿಟ್ಟರೆ, ಆ ಮನುಷ್ಯ ಅರ್ಧ ಆಚೆಯವನಾದ. ಮೊಮ್ಮಕ್ಕಳು ಕೂಡ ಮುದುಕಿಯ ಕೈತುತ್ತು ಒಲ್ಲೆ ಎನ್ನುತ್ತಿವೆಯಂತೆ.

"ಹೇಳಿದವನೇ ಬಲಿಗೆ ಮೇಕೆ ತರಬೇಕಂತೆ. ಇಲ್ಲಾಂದ್ರೆ ನಿಜವಾಗಿ ಸತ್ತು ನಿನ್ನ ಮನೇಗೇ ಬರ್ತಾರಂತೆ."

ಏಪ್ರಿಲ್ 5, ಶನಿವಾರ

ಮೇಕೆ ಕೊಂಡೆ. ಕಾರು ಮಡಿಂಗನದು. ಅವನಿಗೆ ಎಲ್ಲ ಹೇಳಿದೆ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಸ್ಟೀರಿಂಗಿಗೆ ಹಣೆ ಹಚ್ಚಿ ನಕ್ಕ. "ನಾನು ಅತ್ತದ್ದು ವಾಪಸ್ ಕೊಡಿ ಮೇಷ್ಟ್ರೇ!"

ಕ್ಯಾಂಪಿನ ಗೇಟಿನಲ್ಲಿ ನೀಲಿ ಟೋಪಿಯ ಯುಎನ್ ಕಾವಲಿನವನು ಮೇಕೆಯನ್ನು ಬಿಡಲಿಲ್ಲ. ನನ್ನ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದೆ. ನೋ ಆ್ಯನಿಮಲ್, ಅಷ್ಟೇ. ಮಡಿಂಗ್ ಕಾರಿನಲ್ಲೇ ಉಳಿದ, ಮೇಕೆಯೂ ಉಳಿಯಿತು.

ಚುವೊಲ್ ಸೊರಗಿ ಹೋಗಿದ್ದಾನೆ. ಅಪ್ಪಿಕೊಂಡಾಗ ಮೂಳೆ ಚುಚ್ಚಿತು. ಟೆಂಟಿನೊಳಗೆ ಅಡ್ಡಲಾಗಿ ಒಂದು ಕಂಬಳಿ ಕಟ್ಟಿತ್ತು. ಅವರಲ್ಲಿ ಅತ್ತೆ ಅಳಿಯನಿಗೆ ಮುಖ ತೋರಿಸುವುದಿಲ್ಲ, ನೇರ ಮಾತೂ ಇಲ್ಲ. ಕಂಬಳಿಯಾಚೆಯಿಂದ ದನಿ ಬಂತು. ಆಕೆಯ ಹೆಸರು ನ್ಯಾರುವೊಟ್.

"ಯಾರದು, ನನ್ನ ಕೊಂದವನಾ?"

"ನಾನೇ, ಅಮ್ಮಾ."

"ಕೂತ್ಕೋ. ಕೊಂದವನಿಗೂ ಕಾಲು ನೋಯತ್ತೆ. ಮೇಕೆ?"

"ಗೇಟಲ್ಲಿ ತಡೆದ್ರು."

"ಗೊತ್ತಿತ್ತು. ಸೌತೆಕಾಯಿ ತನ್ನಿ."

ಮೇಕೆಯೋ ಎತ್ತೋ ಸಿಗದಿದ್ದರೆ ಕಾಡುಸೌತೆ ನಡೆಯುತ್ತದಂತೆ. ಒಬ್ಬ ಅಜ್ಜ ಕಾಯಿಗೆ ಬೂದಿ ಬಳಿದ. "ಎತ್ತೇ" ಎಂದು ಅದನ್ನೇ ಗಂಭೀರವಾಗಿ ಕರೆದ. ನನ್ನಿಂದ ತಪ್ಪು ಹೇಳಿಸಿದ. ಈಟಿಯ ಮೊನೆಯಿಂದ ಉದ್ದಕ್ಕೆ ಸೀಳಿದ. ಎಡ ಹೋಳು ಆಚೆ ಎಸೆದರು, ಸಾವಿನ ಪಾಲು. ಬಲ ಹೋಳು ಒಳಗೆ. ಪುಟ್ಟ ಮೊಮ್ಮಗಳು ಕಂಬಳಿಯ ಕೆಳಗೆ ನುಸುಳಿ ಅಜ್ಜಿಯ ಹತ್ತಿರ ಹೋದಳು. ಮುಗಿಯಿತು ಅಂದುಕೊಂಡು ಎದ್ದೆ.

"ಎಲ್ಲಿಗೆ? ಅತ್ತದ್ದು ಇಲ್ಲಿ, ಅದಕ್ಕೆ ಕಾಯಿ ಇಲ್ಲಿ ಸೀಳಿಯಾಯ್ತು. ಸತ್ತಳು ಅಂದದ್ದು ಎಲ್ಲಿ?"

"ಸದನದಲ್ಲಿ."

"ಅಲ್ಲಿ ಇನ್ನೂ ಸತ್ತೇ ಇದ್ದೀನಲ್ಲ. ಅಲ್ಲೇ ನಿಂತು ವಾಪಸ್ ತಗೋಬೇಕು. ನಿನ್ನ ಬಾಯಿ ಆಗಲ್ಲ, ಕೆಟ್ಟಿದೆ. ನಮ್ಮ ಮನೆಯವರ ಬಾಯೇ ಆಗಬೇಕು."

ಚುವೊಲ್ ನೆಲ ನೋಡಿದ. ನನಗೆ ಹೇಳಿದ, "ದಾರೀಲಿ ಚೆಕ್‌ಪೋಸ್ಟ್ ಇದೆ ಅಂತ ಅವರಿಗೆ ಹೇಳು."

"ಕಿವಿ ಕೇಳತ್ತೆ ನನಗೆ. ಹೊರಗೆ ಕಾರಲ್ಲಿ ಯಾರು?"

"ಮಡಿಂಗ್, ಅಮ್ಮಾ. ಡಿಂಕಾ."

"ಒಳಗೆ ಯಾಕೆ ಬರಲಿಲ್ಲ?"

"ಹೆದರಿಕೆ."

ಕಂಬಳಿ ಅಲುಗಿತು. ನಗುತ್ತಿದ್ದಳು ಮುದುಕಿ. "ಅವನಿಗೆ ಇಲ್ಲಿ ಹೆದರಿಕೆ, ಇವನಿಗೆ ಅಲ್ಲಿ ಹೆದರಿಕೆ. ಇಬ್ಬರನ್ನೂ ಒಂದೇ ಕಾರಲ್ಲಿ ಹಾಕು."

ಚುವೊಲ್ ಹಣೆಯ ಗೆರೆ ಸವರಿಕೊಂಡ. ಆಮೇಲೆ ಕೇಳಿದ, "ನಾನು ಬಿಟ್ಟುಹೋದ ಕೋಟು ನಿನ್ನ ಮನೇಲೇ ಇದೆಯಾ?"

ಕಾರಿಗೆ ಮರಳಿ ಬಂದರೆ ಮೇಕೆ ದನದ ಮಸೂದೆಯ ಪ್ರತಿಯನ್ನು ಅರ್ಧ ತಿಂದಿತ್ತು. ಈಗ ನನ್ನ ಅಂಗಳದಲ್ಲಿದೆ.

ಏಪ್ರಿಲ್ 8, ಮಂಗಳವಾರ, ಸಂಜೆ

ಬೇಗ ಬರೆದುಬಿಡುತ್ತೇನೆ.

ಚೆಕ್‌ಪೋಸ್ಟ್. ಹಗ್ಗ ಅಡ್ಡ. ಸಿಪಾಯಿ ಬಗ್ಗಿ ಚುವೊಲ್‌ನ ಹಣೆ ನೋಡಿದ. ನೋಡುತ್ತಲೇ ಇದ್ದ. ಇಸ್ತ್ರಿ ಮಾಡಿದ ಕೋಟಿನೊಳಗೆ ಚುವೊಲ್ ಉಸಿರು ಬಿಡಲಿಲ್ಲ. ನಾನೂ ಬಿಡಲಿಲ್ಲ.

"ಯಾರಿವನು?"

ಮಡಿಂಗ್ ಹೇಳಿದ, "ಸದನದ ಸದಸ್ಯರು. ತಡ ಆಗ್ತಿದೆ ಬಿಡಯ್ಯಾ. ಇವರತ್ತೆ ಬದುಕಿದ್ದಾರೆ ಅಂತ ಹೇಳೋದಿದೆ."

"ಸತ್ತರು ಅಂದ್ರಲ್ಲ ರೇಡಿಯೋದಲ್ಲಿ?"

"ಅದಕ್ಕೇ ಹೋಗ್ತಿರೋದು."

ಸಿಪಾಯಿ ಮಡಿಂಗನನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಆ ಹಣೆ. "ಈಚೆಗೆ ಸತ್ತೋರು ಯಾರೂ ಹಿಂಗೆ ವಾಪಸ್ ಬಂದಿಲ್ಲ," ಅಂದ. ಹಗ್ಗ ಇಳಿಸಿದ.

ಸದನ. ಪ್ರಾರ್ಥನೆ. ನಡಾವಳಿ ಓದಿದರು, ಸಂತಾಪ ನಿರ್ಣಯದ ಸಮೇತ. "ತಿದ್ದುಪಡಿ ಇದೆಯೇ?"

ಚುವೊಲ್ ತನ್ನ ಸೀಟಿನಲ್ಲಿ ಎದ್ದು ನಿಂತ. ಅಷ್ಟುದ್ದದ ಮನುಷ್ಯ.

"ಒಂದಿದೆ, ಸಭಾಪತಿಗಳೇ. ನಮ್ಮತ್ತೆ ಬದುಕಿದ್ದಾರೆ."

ಸಭಾಪತಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. ಆಮೇಲೆ ಕ್ರಮಪ್ರಕಾರ ಮತಕ್ಕೆ ಹಾಕಿದರು! ಆಕೆ ಬದುಕಿದ್ದಾರೆ ಎಂಬುದನ್ನು ಒಪ್ಪುವವರು ಹೌದು ಎನ್ನಿ.

ಹೌದು!

ಡಿಸೆಂಬರಿನಿಂದೀಚೆಗೆ ಸದನ ಒಂದೇ ಬಾಯಿಂದ ಹೌದು ಅಂದದ್ದು ಇದೇ ಮೊದಲು. ಗೊಣಗುತ್ತಿದ್ದವರೂ ಅಂದರು. ಆಮೇಲೆ ರಜೆ ಕೋರಿಕೆ ಕೇಳಿದರು. ಅಭ್ಯಾಸಬಲ, ಎದ್ದುಬಿಟ್ಟೆ. ಚುವೊಲ್ ನನ್ನ ಕೋಟಿನ ಚುಂಗು ಹಿಡಿದು ಎಳೆದು ಕೂರಿಸಿದ.

ಇವತ್ತು ಇಲ್ಲೇ ಮಲಗುತ್ತಾನೆ, ಕಿಡೆನ್‌ಳ ಮಂಚದಲ್ಲಿ. ಬೆಳಿಗ್ಗೆ ಮಡಿಂಗ್ ಕ್ಯಾಂಪಿಗೆ ಬಿಡುತ್ತಾನಂತೆ. ಗುರುವಾರ ಮತ್ತೆ ಕರೆತರುತ್ತಾನಂತೆ. ಅಂಗಳದಲ್ಲಿ ಇಬ್ಬರೂ ಮೇಕೆಗೆ ಬೆಲೆ ಕಟ್ಟುತ್ತ ಜಗಳವಾಡುತ್ತಿದ್ದಾರೆ. ಬೆಂಡೆಕಾಯಿ ಒಲೆ ಮೇಲಿದೆ. ಇವತ್ತು ಲೋಳೆ ಇಲ್ಲ.

ಏಳಾಯಿತು. ಚುವೊಲ್ ರೇಡಿಯೋ ತಿರುಗಿಸುತ್ತಿದ್ದಾನೆ. ಅಲ್ಲಿ ಕಂಬಳಿಯ ಹಿಂದೆ ಮುದುಕಿಯೂ ತಿರುಗಿಸಿರುತ್ತಾಳೆ. ಮೊದಲು ಯುದ್ಧ ಓದುತ್ತಾರೆ, ಆಮೇಲೆ ನಮ್ಮನ್ನು. "ಮೇಷ್ಟ್ರೇ, ಪೆನ್ನು ಇಡಿ, ಬಂತು!" ಎನ್ನುತ್ತಿದ್ದಾನೆ ಮಡಿಂಗ್. ಬಂತು... ‘ಇಂದು ಮೇಲ್ಮನೆಯಲ್ಲಿ ಶ್ರೀಮತಿ ನ್ಯಾರುವೊಟ್ ಅವರು ಬದುಕಿದ್ದಾರೆಂದು...’